ತಪ್ಪು ಕೂಡಿಕೆಯಿಂದ ಹುಟ್ಟಿದ ಹಲ್ಲುಚಕ್ರ

ಮಗಳಿಗೆ ಮನೆಯಲ್ಲೇ ಬೀಜಗಣಿತ ಹೇಳಿಕೊಡುತ್ತಿರುವ ಓದುಗರೊಬ್ಬರ ಪ್ರಶ್ನೆ ಇದು: ಭಿನ್ನರಾಶಿಗಳನ್ನು ಗುಣಿಸುವಾಗ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಎಂದು ನೇರವಾಗಿ ಗುಣಿಸುತ್ತೇವೆ. ಕೂಡುವಾಗ ಮಾತ್ರ ಹಾಗೆ ಮಾಡಿದರೆ ಏಕೆ ತಪ್ಪು?

ಅರ್ಧಕ್ಕೆ ಅರ್ಧವನ್ನು ಹಾಗೆ ಕೂಡಿ ನೋಡಿ. ಮೇಲೆ 2, ಕೆಳಗೆ 4. ಅಂದರೆ ಮತ್ತೆ ಅರ್ಧವೇ! ಛೇದ ಹೇಳುವುದು ತುಂಡಿನ ಗಾತ್ರವನ್ನು. ಗಾತ್ರ ಒಂದೇ ಆಗುವವರೆಗೆ ತುಂಡುಗಳನ್ನು ಎಣಿಸಿ ಕೂಡುವಂತಿಲ್ಲ. ಅದಕ್ಕೇ ಲ.ಸಾ.ಅ. ಹುಡುಕುವ ಕೆಲಸ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ‘ನಿರುದ್ಧ’ ಎಂದು ಕರೆದು, ಛೇದಗಳನ್ನು ಸಮ ಮಾಡುವ ವಿಧಾನವನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಇಂಥ ಪರಂಪರೆಯ ನಾಡಿನಲ್ಲಿ, ಮಗುವಿಗೆ ಲೆಕ್ಕ ಹತ್ತುತ್ತಿಲ್ಲವೆಂದರೆ ಜಾತಕದಲ್ಲಿ ಬುಧ ದುರ್ಬಲನೆಂದು ಪಚ್ಚೆಯ ಉಂಗುರ ತೊಡಿಸುವವರಿದ್ದಾರೆ. ದಯವಿಟ್ಟು ಆ ಹಣದಲ್ಲಿ ಒಂದಿಷ್ಟು ನೋಟುಪುಸ್ತಕ ಕೊಡಿಸಿ. ಛೇದ ಸಮ ಮಾಡುವುದು ಕೈಗೆ ಬರುವುದು ಬರೆದು ಬರೆದು, ಕಲ್ಲಿನಿಂದಲ್ಲ.

ಆದರೆ ಇಂದು ನಾನು ಹೇಳಹೊರಟಿರುವುದು ಆ ‘ತಪ್ಪು’ ಕೂಡಿಕೆಯ ಬಗ್ಗೆ. ಮಕ್ಕಳು ಅದನ್ನು ಬರೆದಾಗ ನಾವು ಕೆಂಪು ಶಾಯಿಯಲ್ಲಿ ಗೀಟು ಹಾಕಿ ಮುಂದೆ ಹೋಗುತ್ತೇವೆ. ಅದು ಮೊತ್ತವಲ್ಲ, ನಿಜ. ಹಾಗಾದರೆ ಏನು ಎಂದು ಯಾರೂ ಕೇಳುವುದಿಲ್ಲ. ಮೊದಲ 6 ಓವರಿನಲ್ಲಿ 54 ರನ್, ಉಳಿದ 14 ಓವರಿನಲ್ಲಿ 106 ರನ್ ಬಂದರೆ ಇಡೀ ಇನಿಂಗ್ಸಿನ ಸರಾಸರಿ ಎಷ್ಟು? 160 ರನ್ನಿಗೆ 20 ಓವರು, ಅಂದರೆ 8. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದೆವು, ಯಾರೂ ಆಕ್ಷೇಪಿಸಲಿಲ್ಲ! ಉತ್ತರ 9ಕ್ಕೂ 7.57ಕ್ಕೂ ನಡುವೆ ಬಂದು ಕೂತಿತು.

ಹೀಗೆ ನಡುವೆ ಬರುವುದು ಆಕಸ್ಮಿಕವಲ್ಲ. ಅದನ್ನು ತೋರಿಸಿಕೊಡುವುದು ಬೇರೆ ಬೇರೆ ಛೇದಗಳ ಸರಿಯಾದ ವ್ಯವಕಲನವೇ. ಕ/ಖ ಚಿಕ್ಕದು, ಗ/ಘ ದೊಡ್ಡದು, ಎಲ್ಲವೂ ಧನಸಂಖ್ಯೆಗಳು ಎಂದಿಟ್ಟುಕೊಳ್ಳಿ. ತಪ್ಪು ಮೊತ್ತ (ಕ+ಗ)/(ಖ+ಘ). ಅದರಿಂದ ಕ/ಖ ಕಳೆಯಲು ಸಮಛೇದ ಖ×(ಖ+ಘ). ಮೇಲೆ ಆವರಣ ಬಿಡಿಸಿದಾಗ ಕ×ಖ ಎರಡು ಕಡೆಯಿಂದಲೂ ಬಂದು ಹೊಡೆದುಹೋಗಿ, ಉಳಿಯುವುದು ಖ×ಗ − ಕ×ಘ. ಈಗ ಗ/ಘದಿಂದ ತಪ್ಪು ಮೊತ್ತವನ್ನು ಕಳೆಯಿರಿ. ಸಮಛೇದ ಘ×(ಖ+ಘ), ಮೇಲೆ ಉಳಿಯುವುದು ಮತ್ತೆ ಅದೇ ಖ×ಗ − ಕ×ಘ! ಗ/ಘ ದೊಡ್ಡದಾದ್ದರಿಂದ ಅದು ಧನಸಂಖ್ಯೆ. ಹಾಗಾಗಿ ತಪ್ಪು ಮೊತ್ತ ಚಿಕ್ಕದಕ್ಕಿಂತ ದೊಡ್ಡದು, ದೊಡ್ಡದಕ್ಕಿಂತ ಚಿಕ್ಕದು, ಯಾವಾಗಲೂ. ಎರಡೂ ಕಡೆ ಒಂದೇ ಅಂಶ ಎದ್ದು ಬರುವುದನ್ನು ಎಷ್ಟು ಸಲ ಬರೆದು ನೋಡಿದರೂ ನನಗೆ ಸಂತೋಷ ತೀರಿಲ್ಲ.

ಈ ಗುಣವನ್ನು ಕೆಲಸಕ್ಕೆ ಹಚ್ಚಿದವರಲ್ಲಿ ಒಬ್ಬ ಪ್ಯಾರಿಸ್ಸಿನ ಗಡಿಯಾರ ತಯಾರಕ ಅಶಿಲ್ ಬ್ರೋಕೋ. ಜರ್ಮನಿಯ ಗಣಿತಜ್ಞ ಮೊರಿಟ್ಸ್ ಸ್ಟರ್ನ್ 1858ರಲ್ಲೇ ಇದೇ ದಾರಿಯನ್ನು ಕಂಡಿದ್ದ. ಬ್ರೋಕೋ 1861ರಲ್ಲಿ ಸ್ವತಂತ್ರವಾಗಿ ಅಲ್ಲಿಗೆ ಬಂದದ್ದು ಕಾರ್ಯಾಗಾರದ ಅಗತ್ಯದಿಂದ. ಅವನ ಉದಾಹರಣೆ ನೋಡಿ. ಒಂದು ದಂಡ 23 ನಿಮಿಷಕ್ಕೊಮ್ಮೆ ಸುತ್ತುತ್ತದೆ. ಅದು ತಿರುಗಿಸುವ ಇನ್ನೊಂದು ದಂಡ 191 ನಿಮಿಷಕ್ಕೊಮ್ಮೆ ಸುತ್ತಬೇಕು. ಹಲ್ಲುಗಳ ಅನುಪಾತ 191/23. ಆದರೆ 191 ಅವಿಭಾಜ್ಯ. ಅದನ್ನು ಚಿಕ್ಕ ಚಕ್ರಗಳ ಜೋಡಿಗಳಾಗಿ ಒಡೆಯಲಾಗದು. 191 ಹಲ್ಲುಗಳ ಒಂದೇ ಚಕ್ರ ಕತ್ತರಿಸುವುದು ತಲೆನೋವಿನ ಕೆಲಸ.

ಬೇಕಾದದ್ದು 8ಕ್ಕೂ 9ಕ್ಕೂ ನಡುವೆ ಇದೆ. 8/1 ಮತ್ತು 9/1ನ್ನು ಶಾಲಾಮಕ್ಕಳಂತೆ ಕೂಡಿದರೆ 17/2, ಅಂದರೆ ಎಂಟೂವರೆ, ಹೆಚ್ಚಾಯಿತು. ಅದನ್ನು 8/1ಕ್ಕೆ ಕೂಡಿದರೆ 25/3, ಇನ್ನೂ ಹೆಚ್ಚು. ಮತ್ತೊಮ್ಮೆ 8/1 ಕೂಡಿದರೆ 33/4, ಈಗ ಕಡಿಮೆ. ಹೆಚ್ಚಿನದೊಂದು, ಕಡಿಮೆಯದೊಂದು ಹಿಡಿದು ನಡುವೆ ನುಗ್ಗುತ್ತ ಹೋದರೆ 58/7, 83/10, 108/13. ಈ ಕೊನೆಯದು 191/23ಕ್ಕಿಂತ ಹೆಚ್ಚಿರುವುದು ಬರೀ 1/299ರಷ್ಟು. ಎರಡನೆಯ ದಂಡದ ಒಂದು ಸುತ್ತಿಗೆ ಹದಿಮೂರನೇ ಒಂದು ನಿಮಿಷ, ಹೆಚ್ಚುಕಡಿಮೆ 4.6 ಸೆಕೆಂಡು ವ್ಯತ್ಯಾಸ.

ಅಷ್ಟೂ ಬೇಡವೆನ್ನುವ ಹಟಗಾರರಿಗೆ ಇನ್ನೊಂದು ಹೆಜ್ಜೆಯಿದೆ. 108/13ಕ್ಕೆ 191/23ನ್ನೇ ಹಾಗೆ ಕೂಡಿದರೆ 299/36. 299 ಎಂದರೆ 13×23, 36 ಎಂದರೆ 6×6; ಎರಡೂ ಸೊಗಸಾಗಿ ಒಡೆಯುತ್ತವೆ. 24 ಹಲ್ಲಿನ ಚಕ್ರಕ್ಕೆ 92 ಹಲ್ಲಿನದು, ಇನ್ನೊಂದು 24ಕ್ಕೆ 52 ಹಲ್ಲಿನದು ಕಚ್ಚಿಸಿ. ಪ್ರತಿ 191 ನಿಮಿಷಕ್ಕೆ ತಪ್ಪುವುದು ಎರಡು ಸೆಕೆಂಡಿಗಿಂತಲೂ ಕಡಿಮೆ.