ಶೆಲ್ ತಾನೇ ಮಾಡಬೇಕಾದ ಕೆಲಸ

ಲಿನಕ್ಸ್ ಕಂಪ್ಯೂಟರಿನಲ್ಲಿ ಟರ್ಮಿನಲ್ ತೆರೆದು ‘ಡೇಟ್’ ಎಂದು ಕೊಟ್ಟರೆ ಇವತ್ತಿನ ತಾರೀಕು, ವೇಳೆ ಬರುತ್ತದೆ. ‘ಸಿಡಿ’ ಎಂಬ ಎರಡಕ್ಷರ ಕೊಟ್ಟು ಮುಂದೆ ಒಂದು ಡೈರೆಕ್ಟರಿಯ ಹೆಸರು ಹಾಕಿದರೆ ಅಲ್ಲಿಗೆ ಹೋಗುತ್ತೇವೆ. ಕೊಡುವ ರೀತಿ ನೋಡಿದರೆ ಎರಡೂ ಒಂದೇ ಬಗೆಯ ಕಮಾಂಡುಗಳು. ಆದರೆ ಹಾಗಲ್ಲ ಎನ್ನುವುದನ್ನು ಕಂಪ್ಯೂಟರೇ ಹೇಳುತ್ತದೆ. ‘ಟೈಪ್’ ಎಂದು ಬರೆದು ಪಕ್ಕದಲ್ಲಿ ಡೇಟ್ ಎಂದು ಹಾಕಿ ಎಂಟರ್ ಒತ್ತಿ: ಡಿಸ್ಕಿನಲ್ಲಿರುವ ಒಂದು ಫೈಲಿನ ವಿಳಾಸ ಕಾಣುತ್ತದೆ. ಸಿಡಿ ಬಗ್ಗೆ ಅದೇ ಪ್ರಶ್ನೆ ಕೇಳಿದರೆ ವಿಳಾಸವಿಲ್ಲ. ಇದು ಶೆಲ್‌ನ ಬಿಲ್ಟ್‌ಇನ್ ಎಂಬ ಉತ್ತರ ಬರುತ್ತದೆ.

ನಾವು ಟೈಪ್ ಮಾಡಿದ್ದನ್ನು ಓದಿ ಕೆಲಸ ಮಾಡಿಸುವ ಪ್ರೋಗ್ರಾಮಿಗೆ ಶೆಲ್ ಎನ್ನುತ್ತಾರೆ. ಲಿನಕ್ಸ್‌ನಲ್ಲಿ ಹೆಚ್ಚಾಗಿ ಕಾಣುವುದು ಬ್ಯಾಶ್. ಬಹುಪಾಲು ಕಮಾಂಡುಗಳನ್ನು ಶೆಲ್ ಸ್ವತಃ ಮಾಡುವುದಿಲ್ಲ, ಬೇರೆಯವರಿಂದ ಮಾಡಿಸುತ್ತದೆ. ಡೇಟ್ ಎಂದು ಕೊಟ್ಟಾಗ ಶೆಲ್ ಮೊದಲು ‘ಫೋರ್ಕ್’ ಎಂಬ ಸಿಸ್ಟಮ್ ಕಾಲ್ (ಆಪರೇಟಿಂಗ್ ಸಿಸ್ಟಮ್‌ಗೆ ಸಲ್ಲಿಸುವ ಕೋರಿಕೆ) ಮೂಲಕ ತನ್ನದೇ ಒಂದು ನಕಲನ್ನು ಹುಟ್ಟಿಸುತ್ತದೆ. ಆ ನಕಲು ‘ಎಕ್ಸೆಕ್’ ಎಂಬ ಇನ್ನೊಂದು ಕಾಲ್ ಮಾಡಿ ಡೇಟ್ ಪ್ರೋಗ್ರಾಮಾಗಿ ಬದಲಾಗುತ್ತದೆ, ತಾರೀಕು ಬರೆಯುತ್ತದೆ, ಸಾಯುತ್ತದೆ. ಅಲ್ಲಿಯವರೆಗೆ ಕಾದಿದ್ದ ಮೂಲ ಶೆಲ್ ಮುಂದಿನ ಕಮಾಂಡಿಗೆ ಸಿದ್ಧವಾಗುತ್ತದೆ. ಹೀಗೆ ಓಡುತ್ತಿರುವ ಪ್ರೋಗ್ರಾಮಿಗೆ ಪ್ರೊಸೆಸ್ ಎಂದು ಹೆಸರು. ಹುಟ್ಟಿಸಿದ ಪ್ರೊಸೆಸ್ಸನ್ನು ತಾಯಿ, ಹುಟ್ಟಿದ್ದನ್ನು ಮರಿ ಎಂದು ಕರೆಯೋಣ.

ಈಗ ಸಿಡಿಯ ವಿಷಯ. ‘ನಾನು ಈಗ ಯಾವ ಡೈರೆಕ್ಟರಿಯಲ್ಲಿದ್ದೇನೆ’ ಎಂಬ ಮಾಹಿತಿ ಲಿನಕ್ಸ್ ಕೂಡ ಸೇರಿರುವ ಯುನಿಕ್ಸ್ ಬಳಗದ ಸಿಸ್ಟಮ್‌ಗಳಲ್ಲಿ ಒಂದೊಂದು ಪ್ರೊಸೆಸ್ಸಿಗೂ ಪ್ರತ್ಯೇಕವಾಗಿರುತ್ತದೆ. ಮರಿ ಹುಟ್ಟುವಾಗ ತಾಯಿಯ ಡೈರೆಕ್ಟರಿಯೇ ಅದಕ್ಕೂ ಬರುತ್ತದೆ, ಆಮೇಲೆ ಇಬ್ಬರ ದಾರಿ ಬೇರೆ. ಸಿಡಿ ಕೂಡ ಡೇಟ್‌ನಂತೆ ಹೊರಗಿನ ಪ್ರೋಗ್ರಾಮಾಗಿದ್ದರೆ ಮರಿ ಪ್ರೊಸೆಸ್ ಹೊಸ ಡೈರೆಕ್ಟರಿಗೆ ಹೋಗಿ ಅಲ್ಲೇ ಮುಗಿಯುತ್ತಿತ್ತು, ಶೆಲ್ ಮಾತ್ರ ನಿಂತಲ್ಲೇ ನಿಂತಿರುತ್ತಿತ್ತು. ಮಗ ಮೈಸೂರಿಗೆ ಹೋದ ಮಾತ್ರಕ್ಕೆ ಹುಬ್ಬಳ್ಳಿಯಲ್ಲಿರುವ ಅಪ್ಪನ ಊರು ಬದಲಾಗುತ್ತದೆಯೇ? ಆದ್ದರಿಂದ ಡೈರೆಕ್ಟರಿ ಬದಲಿಸುವ ಕೆಲಸವನ್ನು ಶೆಲ್ ತಾನೇ, ತನ್ನ ಒಳಗೇ ಮಾಡಬೇಕು.

ಯುನಿಕ್ಸ್ ಕಟ್ಟಿದವರಿಗೆ ಈ ಸತ್ಯ ಹೊಳೆದದ್ದು ಕೆಲಸ ಕೆಟ್ಟ ಮೇಲೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಜೊತೆಗಾರರು ಪಿಡಿಪಿ-7 ಎಂಬ ಯಂತ್ರದ ಮೇಲೆ ಯುನಿಕ್ಸ್ ಬರೆಯಲು ತೊಡಗಿದರು. ಆರಂಭದಲ್ಲಿ ಒಂದು ಟರ್ಮಿನಲ್ಲಿಗೆ ಒಂದೇ ಪ್ರೊಸೆಸ್. ಕಮಾಂಡ್ ಕೊಟ್ಟರೆ ಆ ಪ್ರೋಗ್ರಾಮು ಶೆಲ್‌ನ ಜಾಗವನ್ನೇ ಆಕ್ರಮಿಸಿ ಓಡುತ್ತಿತ್ತು, ಮುಗಿದ ಮೇಲೆ ಶೆಲ್‌ನ ಹೊಸ ಪ್ರತಿಯನ್ನು ಡಿಸ್ಕಿನಿಂದ ತಂದು ಕೂರಿಸಲಾಗುತ್ತಿತ್ತು. ಆ ಏರ್ಪಾಟಿನಲ್ಲಿ ಡೈರೆಕ್ಟರಿ ಬದಲಿಸುವ ಕಮಾಂಡ್, ಅದರ ಆಗಿನ ಹೆಸರು ಸಿಎಚ್‌ಡಿಐಆರ್, ಮಾಮೂಲಿ ಪ್ರೋಗ್ರಾಮೇ ಆಗಿತ್ತು. ತೊಂದರೆಯೂ ಇರಲಿಲ್ಲ, ಯಾಕೆಂದರೆ ಪ್ರೊಸೆಸ್ ಇದ್ದದ್ದೇ ಒಂದು.

ಆಮೇಲೆ ಫೋರ್ಕ್ ಸೇರಿಸಿದರು. ಪಿಡಿಪಿ-7ರಲ್ಲಿ ಅದಕ್ಕೆ ಬೇಕಾದದ್ದು ಅಸೆಂಬ್ಲಿ ಭಾಷೆಯ 27 ಸಾಲು ಎಂದು ರಿಚಿ ಯುನಿಕ್ಸ್‌ನ ಬೆಳವಣಿಗೆ ಕುರಿತು ಬರೆದ ಪ್ರಬಂಧದಲ್ಲಿ ದಾಖಲಿಸಿದ್ದಾರೆ. ಹೊಸ ಏರ್ಪಾಟು ಕೆಲಸ ಮಾಡಿತೆಂದು ಎಲ್ಲರೂ ಖುಷಿಪಡುತ್ತಿರುವಾಗಲೇ ಸಿಎಚ್‌ಡಿಐಆರ್ ಕೆಲಸ ನಿಲ್ಲಿಸಿರುವುದು ಗೊತ್ತಾಯಿತು. ಫೋರ್ಕ್‌ನಿಂದ ಇದು ಕೆಡುವುದು ಹೇಗೆ ಎಂದು ಕೋಡನ್ನು ತಿರುಗಿಸಿ ಮುರುಗಿಸಿ ಓದಿದರು. ಕೋಡಿನಲ್ಲಿ ತಪ್ಪೇನೂ ಇರಲಿಲ್ಲ. ಸಿಎಚ್‌ಡಿಐಆರ್ ತನ್ನ ಡೈರೆಕ್ಟರಿಯನ್ನು ಸರಿಯಾಗಿಯೇ ಬದಲಿಸಿ ಸಾಯುತ್ತಿತ್ತು, ತಾಯಿ ಶೆಲ್‌ಗೆ ಅದರ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಕಡೆಗೆ ಆ ಕಮಾಂಡನ್ನು ಶೆಲ್‌ನ ಒಳಕ್ಕೆ ತಂದರು.

ನನಗೆ ಇದಕ್ಕಿಂತ ಸ್ವಾರಸ್ಯವಾಗಿ ಕಾಣುವುದು ‘ಗೋಟು’ ಎಂಬ ಕಮಾಂಡಿನ ಕಥೆ. ಕಮಾಂಡುಗಳನ್ನು ಸಾಲಾಗಿ ಒಂದು ಫೈಲಿನಲ್ಲಿ ಬರೆದಿಟ್ಟು ಶೆಲ್‌ಗೆ ಓದಲು ಕೊಟ್ಟಾಗ, ಇಂಥ ಗುರುತಿರುವ ಸಾಲಿಗೆ ಹಾರು ಎಂದು ಹೇಳುವ ಕಮಾಂಡ್ ಅದು. ಶೆಲ್ ಮುಂದೆ ಯಾವ ಸಾಲು ಓದಬೇಕೆಂದು ತೀರ್ಮಾನಿಸುವ ಕಮಾಂಡು ಶೆಲ್‌ನ ಒಳಗೇ ಇರಬೇಕಲ್ಲವೇ? ಆದರೆ ಥಾಂಪ್ಸನ್ ಬರೆದ ಶೆಲ್‌ನಲ್ಲಿ ಗೋಟು ಹೊರಗಿನ ಪ್ರೋಗ್ರಾಮಾಗಿತ್ತು, ಮತ್ತು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಕಾರಣ, ತೆರೆದ ಫೈಲಿನಲ್ಲಿ ಎಲ್ಲಿಯವರೆಗೆ ಓದಿದ್ದಾಗಿದೆ ಎಂಬ ಗುರುತನ್ನು ತಾಯಿ ಮತ್ತು ಮರಿ ಹಂಚಿಕೊಳ್ಳುತ್ತವೆ. ಗೋಟು ಅದೇ ಫೈಲಿನಲ್ಲಿ ಬೇಕಾದ ಸಾಲು ಹುಡುಕಿ, ಓದಿನ ಗುರುತನ್ನು ಅಲ್ಲಿಗೆ ಸರಿಸಿ, ಮುಗಿಯುತ್ತಿತ್ತು. ಶೆಲ್ ಎದ್ದು ಮುಂದಿನ ಸಾಲು ಓದಹೊರಟರೆ ಗುರುತು ಆಗಲೇ ಹೊಸ ಜಾಗದಲ್ಲಿರುತ್ತಿತ್ತು. ಡೈರೆಕ್ಟರಿ ಹಂಚಿಕೆಯಾಗದ ಆಸ್ತಿ, ಓದಿನ ಗುರುತು ಹಂಚಿಕೆಯಾಗುವ ಆಸ್ತಿ. ಒಂದು ಕಮಾಂಡ್ ಹೊರಗಿರಬಹುದೇ ಇಲ್ಲವೇ ಎನ್ನುವುದು ಆ ಒಂದೇ ವ್ಯತ್ಯಾಸದಲ್ಲಿ ತೀರ್ಮಾನವಾಗುತ್ತಿತ್ತು. 1979ರ ಏಳನೇ ಆವೃತ್ತಿಯ ಯುನಿಕ್ಸ್‌ನೊಂದಿಗೆ ಸ್ಟೀಫನ್ ಬೋರ್ನ್ ಅವರ ಶೆಲ್ ಬಂದಾಗ ಇಫ್, ವೈಲ್, ಫಾರ್ ಮುಂತಾದವೆಲ್ಲ ಶೆಲ್‌ನ ಭಾಷೆಯ ಭಾಗವಾದವು, ಗೋಟುವಿಗೆ ಕೆಲಸವಿಲ್ಲದಾಯಿತು.

ನಮ್ಮ ಕಾಲೇಜುಗಳ ಲ್ಯಾಬಿನಲ್ಲಿ ಬಿಲ್ಟ್‌ಇನ್‌ಗಳನ್ನು ಉರುಹೊಡೆಯುವ ಪಟ್ಟಿಯಾಗಿ ಕೊಡುವುದುಂಟು. ಅದರಿಂದ ಏನೂ ಸಿಗದು. ಬದಲಿಗೆ ವಿದ್ಯಾರ್ಥಿಗೆ ಒಂದು ಪುಟ್ಟ ಸ್ಕ್ರಿಪ್ಟ್ ಬರೆಯಲು ಹೇಳಬೇಕು. ಅದರಲ್ಲಿ ಎರಡೇ ಸಾಲು: ಮೊದಲನೆಯದು ಟಿಎಂಪಿ ಡೈರೆಕ್ಟರಿಗೆ ಸಿಡಿ, ಎರಡನೆಯದು ಈಗೆಲ್ಲಿದ್ದೇನೆಂದು ಹೇಳುವ ಪಿಡಬ್ಲ್ಯುಡಿ. ಓಡಿಸಿದರೆ ಟಿಎಂಪಿ ಎಂದು ಪರದೆಯ ಮೇಲೆ ಬರುತ್ತದೆ. ಸ್ಕ್ರಿಪ್ಟ್ ಮುಗಿದ ಮೇಲೆ ಕೈಯಾರೆ ಪಿಡಬ್ಲ್ಯುಡಿ ಕೊಟ್ಟು ನೋಡಿದರೆ ಹಳೆಯ ಡೈರೆಕ್ಟರಿಯೇ! ಸ್ಕ್ರಿಪ್ಟ್ ಓಡಿದ್ದು ಮರಿ ಶೆಲ್‌ನಲ್ಲಿ, ಹೋದದ್ದೂ ಅದೇ. ಈಗ ಸ್ಕ್ರಿಪ್ಟಿನ ಹೆಸರಿನ ಹಿಂದೆ ‘ಸೋರ್ಸ್’ ಎಂಬ ಬಿಲ್ಟ್‌ಇನ್ ಹಾಕಿ ಮತ್ತೆ ಓಡಿಸಲಿ. ಅದು ಮರಿಯನ್ನು ಹುಟ್ಟಿಸದೆ ಆ ಸಾಲುಗಳನ್ನು ಈ ಶೆಲ್‌ನಲ್ಲೇ ಓದಿಸುತ್ತದೆ, ಈ ಸಲ ನಾವು ನಿಜಕ್ಕೂ ಟಿಎಂಪಿಯಲ್ಲಿರುತ್ತೇವೆ. ‘ಎಕ್ಸ್‌ಪೋರ್ಟ್’, ‘ಅನ್‌ಸೆಟ್’, ‘ಎಕ್ಸಿಟ್’ ಯಾಕೆ ಬಿಲ್ಟ್‌ಇನ್‌ಗಳು ಎಂದು ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವೆಲ್ಲ ಶೆಲ್‌ನ ಸ್ವಂತ ಸ್ಥಿತಿಯನ್ನು ಮುಟ್ಟುವ ಕೆಲಸಗಳು.

ಎಲ್ಲ ಬಿಲ್ಟ್‌ಇನ್‌ಗಳೂ ಇಂಥ ಅನಿವಾರ್ಯತೆಯಿಂದ ಒಳಬಂದವಲ್ಲ. ಕೊಟ್ಟ ಮಾತನ್ನು ಪರದೆಯ ಮೇಲೆ ಬರೆಯುವ ‘ಎಕೋ’, ಷರತ್ತು ಪರೀಕ್ಷಿಸುವ ‘ಟೆಸ್ಟ್’ ಹೊರಗಿದ್ದರೂ ನಡೆಯುತ್ತದೆ, ಈಗಲೂ ಡಿಸ್ಕಿನಲ್ಲಿ ಅವುಗಳ ಪ್ರತಿ ಇರುತ್ತದೆ. ಅವನ್ನು ಒಳಗೆ ಸೇರಿಸಿದ್ದು ವೇಗಕ್ಕಾಗಿ. ಮರಿಯನ್ನು ಹುಟ್ಟಿಸಿ, ಪ್ರೋಗ್ರಾಮು ತುಂಬಿಸಿ, ಮುಗಿಯುವವರೆಗೆ ಕಾಯುವುದಕ್ಕೆ ಇವತ್ತಿನ ಕಂಪ್ಯೂಟರಿನಲ್ಲೂ ಒಂದು ಮಿಲಿಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಒಂದು ಸಲಕ್ಕೆ ಅದು ಗಮನಕ್ಕೂ ಬಾರದು, ಲೂಪಿನಲ್ಲಿ ಹತ್ತು ಸಾವಿರ ಸಲ ಟೆಸ್ಟ್ ಮಾಡುವ ಸ್ಕ್ರಿಪ್ಟಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಒಂದೇ ಹೆಸರಿನ ಎರಡು ಪ್ರತಿಗಳಿರುವುದು ಗೊಂದಲಕ್ಕೂ ದಾರಿ. ‘ಮ್ಯಾನ್’ ಎಂದು ಕೇಳಿ ಎಕೋ ಬಗ್ಗೆ ಓದಿದರೆ ಸಾಮಾನ್ಯವಾಗಿ ಸಿಗುವುದು ಹೊರಗಿನ ಪ್ರತಿಯ ವಿವರಣೆ. ಬ್ಯಾಶ್‌ನಲ್ಲಿ ನಾವು ನಿಜವಾಗಿ ಬಳಸುತ್ತಿರುವ ಪ್ರತಿಯ ವಿವರ ಬೇಕಾದರೆ ‘ಹೆಲ್ಪ್’ ಎಂಬ ಬಿಲ್ಟ್‌ಇನ್ನನ್ನೇ ಕೇಳಬೇಕು.

ಪ್ರೊಸೆಸ್ಸುಗಳನ್ನು ನಿಲ್ಲಿಸುವ ‘ಕಿಲ್’ ಕೂಡ ಒಳಗೂ ಇದೆ, ಹೊರಗೂ ಇದೆ. ಒಳಗೆ ಯಾಕೆಂದು ಹೆಲ್ಪ್ ಹೇಳುವ ಕಾರಣ ಎರಡು. ಹಿನ್ನೆಲೆಯಲ್ಲಿ ಓಡುತ್ತಿರುವ ಕೆಲಸಗಳಿಗೆ ಶೆಲ್ ಕೊಟ್ಟ ಕ್ರಮಸಂಖ್ಯೆ ಹಿಡಿದು ಅವನ್ನು ನಿಲ್ಲಿಸಬಹುದು ಎನ್ನುವುದು ಒಂದು. ಇನ್ನೊಂದು, ಹೊಸ ಪ್ರೊಸೆಸ್ ಹುಟ್ಟಿಸುವ ಮಿತಿ ಮುಗಿದು ಹೋಗಿದ್ದಾಗಲೂ ಅದು ಕೆಲಸ ಮಾಡುತ್ತದೆ. ಈ ಎರಡನೆಯದರ ಬೆಲೆ ಗೊತ್ತಾಗುವುದು ಆಪತ್ತಿನಲ್ಲಿ. ಯಾವುದೋ ಕೆಟ್ಟ ಪ್ರೋಗ್ರಾಮು ಮರಿಗಳ ಮೇಲೆ ಮರಿ ಹಾಕುತ್ತಾ ಹೋಗಿ ಆ ಬಳಕೆದಾರರಿಗೆ ಸಲ್ಲುವ ಪ್ರೊಸೆಸ್ಸುಗಳ ಮಿತಿಯನ್ನು ತಲುಪಿತು ಎನ್ನಿ. ಫೈಲುಗಳ ಪಟ್ಟಿಗೆಂದು ಎಲ್‌ಎಸ್ ಕೊಟ್ಟರೂ ಪ್ರೊಸೆಸ್ಸುಗಳ ಪಟ್ಟಿಗೆಂದು ಪಿಎಸ್ ಕೊಟ್ಟರೂ ಫೋರ್ಕ್ ಆಗುತ್ತಿಲ್ಲ ಎಂಬ ಒಂದೇ ದೂರು. ಆಗ ಕೈಯಲ್ಲಿ ಉಳಿಯುವುದು ಬಿಲ್ಟ್‌ಇನ್‌ಗಳು ಮಾತ್ರ.

ಅವುಗಳಿಂದಲೇ ಆ ಕೆಟ್ಟ ಪ್ರೋಗ್ರಾಮನ್ನು ಹುಡುಕಬಹುದು. ಎಕೋ ಮುಂದೆ ನಕ್ಷತ್ರದ ಗುರುತು ಹಾಕಿದರೆ ಫೈಲುಗಳ ಹೆಸರುಗಳು ಬರುತ್ತವೆ, ಏಕೆಂದರೆ ನಕ್ಷತ್ರವನ್ನು ಹೆಸರುಗಳಾಗಿ ಬಿಡಿಸುವುದೂ ಶೆಲ್ಲೇ. ಲಿನಕ್ಸ್‌ನಲ್ಲಿ ಓಡುತ್ತಿರುವ ಪ್ರತಿ ಪ್ರೊಸೆಸ್ಸಿಗೂ ‘ಪ್ರೋಕ್’ ಎಂಬ ಡೈರೆಕ್ಟರಿಯ ಒಳಗೆ ಅದರ ಸಂಖ್ಯೆಯದೇ ಒಂದು ಡೈರೆಕ್ಟರಿ ಇರುತ್ತದೆ. ಅಲ್ಲಿಗೆ ಸಿಡಿ ಮಾಡಿ, ಎಕೋ ಕೊಟ್ಟು ಸಂಖ್ಯೆಗಳನ್ನು ನೋಡಬಹುದು. ಒಂದೊಂದರ ಒಳಗೂ ‘ಕಾಮ್’ ಎಂಬ ಫೈಲಿನಲ್ಲಿ ಪ್ರೋಗ್ರಾಮಿನ ಹೆಸರಿದೆ, ಅದನ್ನು ‘ರೀಡ್’ ಎಂಬ ಬಿಲ್ಟ್‌ಇನ್ ಒಂದು ವೇರಿಯಬಲ್ಲಿಗೆ ಓದಿಕೊಳ್ಳುತ್ತದೆ, ಎಕೋ ತೋರಿಸುತ್ತದೆ. ತಪ್ಪಿತಸ್ಥನ ಸಂಖ್ಯೆ ಸಿಕ್ಕಿತೆಂದರೆ ಕಿಲ್. ಇಷ್ಟು ಕೆಲಸದಲ್ಲಿ ಒಂದು ಮರಿಯೂ ಹುಟ್ಟಿಲ್ಲ.

ಇನ್ನೂ ಒಂದು ಉಪಾಯವಿದೆ, ಆದರೆ ಅದನ್ನು ಬಳಸುವ ಮುನ್ನ ಯೋಚಿಸಬೇಕು. ಪ್ರೊಸೆಸ್ಸುಗಳ ಪಟ್ಟಿ ತೋರಿಸಿ, ಅಲ್ಲಿಂದಲೇ ಅವನ್ನು ನಿಲ್ಲಿಸಲೂ ಬಿಡುವ ‘ಟಾಪ್’ ಎಂಬ ಹೊರಗಿನ ಪ್ರೋಗ್ರಾಮು ಇದೆ. ಅದರ ಹೆಸರಿನ ಹಿಂದೆ ‘ಎಕ್ಸೆಕ್’ ಎಂಬ ಬಿಲ್ಟ್‌ಇನ್ ಸೇರಿಸಿದರೆ ಫೋರ್ಕ್ ಇಲ್ಲದೆಯೇ ಟಾಪ್ ಓಡುತ್ತದೆ, ಶೆಲ್ ತಾನೇ ಟಾಪ್ ಆಗಿಬಿಡುತ್ತದೆ. ಟಾಪ್‌ನಿಂದ ಹೊರಬಂದ ಕ್ಷಣ ಮರಳಲು ಶೆಲ್ ಇರುವುದಿಲ್ಲ, ಆ ಲಾಗಿನ್ನೇ ಮುಗಿಯುತ್ತದೆ. ಹಾಗಾಗಿ ಕೆಟ್ಟ ಪ್ರೊಸೆಸ್ಸುಗಳನ್ನೆಲ್ಲ ನಿಲ್ಲಿಸಿದ್ದು ಖಚಿತವಾಗುವವರೆಗೂ ಟಾಪ್ ಬಿಟ್ಟು ಏಳಬಾರದು.