ಮುಂದೇನು ಓದಲಿ? ಭಾವನೆಗಳ ಅರಿವು ಮತ್ತು ವೃತ್ತಿ ಆಯ್ಕೆಯ ಆತ್ಮವಿಶ್ವಾಸ

ಹೈದರಾಬಾದಿನ ದಿಲ್‌ಸುಖ್‌ನಗರ ಮೆಟ್ರೋ ನಿಲ್ದಾಣದಿಂದ ಕೆಳಗಿಳಿದರೆ ಕಣ್ಣಿಗೆ ಬೀಳುವುದು ಕೋಚಿಂಗ್ ಸೆಂಟರ್‌ಗಳ ಬೋರ್ಡುಗಳು: ಬ್ಯಾಂಕ್ ಪರೀಕ್ಷೆ, ಸರ್ಕಾರಿ ನೌಕರಿ, ಸಾಫ್ಟ್‌ವೇರ್ ಕೋರ್ಸು. ಹಿಂದಿನ ಗಲ್ಲಿಗಳಲ್ಲಿ ಸಾಲು ಸಾಲು ಹಾಸ್ಟೆಲ್‌ಗಳು. ಬೀದರ್, ಯಾದಗಿರಿ, ರಾಯಚೂರಿನ ಮಕ್ಕಳಿಗೂ ಹತ್ತಿರದ ಮಹಾನಗರ ಹೈದರಾಬಾದೇ. ಇಲ್ಲಿ ಕೋರ್ಸುಗಳಿಗೆ ಬರವಿಲ್ಲ. ಆದರೆ ‘ಇದು ನನಗೆ ಸರಿಹೊಂದುತ್ತದೆ’ ಎಂದು ತೀರ್ಮಾನಿಸುವ ಧೈರ್ಯ ಎಲ್ಲರಿಗೂ ಸುಲಭವಾಗಿ ಬರುವುದಿಲ್ಲ.

ಈ ಧೈರ್ಯವನ್ನು ಅಳೆಯಲು ಟೇಲರ್ ಮತ್ತು ಬೆಟ್ಜ್ ಎಂಬ ಸಂಶೋಧಕರು 1983ರಲ್ಲಿ ಒಂದು ಪ್ರಶ್ನಾವಳಿ ರೂಪಿಸಿದರು. ನಿಮ್ಮ ಸಾಮರ್ಥ್ಯವನ್ನು ನೀವೇ ತೂಗಿ ನೋಡುವುದು, ಉದ್ಯೋಗದ ಮಾಹಿತಿ ಕಲೆಹಾಕುವುದು, ಗುರಿ ಆರಿಸುವುದು, ಯೋಜನೆ ಹಾಕುವುದು, ಅಡ್ಡಿ ಬಂದರೆ ದಾರಿ ಹುಡುಕುವುದು ಈ ಐದರಲ್ಲಿ ನಿಮಗೆಷ್ಟು ನಂಬಿಕೆಯಿದೆ ಎಂದು ಅದು ಕೇಳುತ್ತದೆ. ಅಂಕಗಳ ಮಾತೇ ಅದರಲ್ಲಿಲ್ಲ.

ಭಾವನಾತ್ಮಕ ಬುದ್ಧಿವಂತಿಕೆ ಎಂದರೆ ತನ್ನ ಹಾಗೂ ಇತರರ ಭಾವನೆಗಳನ್ನು ಗುರುತಿಸಿ, ಅವುಗಳ ವ್ಯತ್ಯಾಸ ತಿಳಿದು, ಆಲೋಚನೆಗೆ ಬಳಸಿಕೊಳ್ಳುವ ಶಕ್ತಿ. 1990ರಲ್ಲಿ ಸಾಲೊವೆ ಮತ್ತು ಮೇಯರ್ ವಿವರಿಸಿದ್ದು ಇದನ್ನೇ. ಈ ಶಕ್ತಿ ಹೆಚ್ಚಿರುವ ವಿದ್ಯಾರ್ಥಿಗಳಲ್ಲಿ ವೃತ್ತಿ ನಿರ್ಧಾರದ ಆತ್ಮವಿಶ್ವಾಸವೂ ಹೆಚ್ಚಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಒಂದರಿಂದಲೇ ಇನ್ನೊಂದು ಬರುತ್ತದೆ ಎಂದು ಇದರರ್ಥವಲ್ಲ. ಇಂತಹ ಅಧ್ಯಯನಗಳಲ್ಲಿ ಬಹುಪಾಲು ವಿದ್ಯಾರ್ಥಿಗಳು ತಮ್ಮ ಬಗ್ಗೆ ತಾವೇ ಕೊಟ್ಟ ಉತ್ತರಗಳನ್ನು ಆಧರಿಸಿರುತ್ತವೆ.

ಒಂದು ಉದಾಹರಣೆ ನೋಡಿ. ಅಣಕು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತು, ಎದೆ ಡವಡವ ಎನ್ನುತ್ತದೆ. ‘ಎಂಜಿನಿಯರಿಂಗ್ ನನ್ನಿಂದಾಗದು’ ಎಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಸ್ವಲ್ಪ ನಿಂತು ನೋಡಿದರೆ ಭಯ ಗಣಿತದ್ದಲ್ಲ, ಅಪ್ಪ ಮಾಡಿದ ಸಾಲದ್ದು. ಗಣಿತದ ಭಯಕ್ಕೆ ಅಭ್ಯಾಸ ಬೇಕು, ಸಾಲದ ಭಯಕ್ಕೆ ಮನೆಯವರೊಂದಿಗೆ ಮಾತುಕತೆ ಬೇಕು. ಎರಡನ್ನೂ ಬೆರೆಸಿಕೊಂಡವರು ಕೋರ್ಸನ್ನೇ ಬದಲಿಸುತ್ತಾರೆ, ಭಯ ಮಾತ್ರ ಜೊತೆಗೇ ಬರುತ್ತದೆ.

ಆತ್ಮವಿಶ್ವಾಸ ಉಪದೇಶಕ್ಕಿಂತ ಸಣ್ಣ ಅನುಭವಗಳಿಂದ ಬೆಳೆಯುತ್ತದೆ ಎನ್ನುತ್ತದೆ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ ಅವರ ಸಿದ್ಧಾಂತ. ಶುಲ್ಕ ಕಟ್ಟುವ ಮುನ್ನ ಒಂದೆರಡು ತರಗತಿಯಲ್ಲಿ ಕುಳಿತು ನೋಡಿ. ಆ ಕೆಲಸದಲ್ಲಿರುವ ಒಬ್ಬರನ್ನಾದರೂ ಮಾತನಾಡಿಸಿ. ಪೋಷಕರೇ, ಫೋನಿನಲ್ಲಿ ‘ಧೈರ್ಯವಾಗಿರು’ ಎನ್ನುವುದಕ್ಕಿಂತ ‘ಯಾವುದಕ್ಕೆ ಹೆದರಿಕೆ ಆಗ್ತಿದೆ?’ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನಿರಿ. ಇದು ಹೇಳಿದಷ್ಟು ಸುಲಭವಲ್ಲ.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ. ಬದುಕೇ ಬೇಡ ಎನ್ನಿಸಿದರೆ ಕಾಯಬೇಡಿ: ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು.