ಚಗಳಿಯ ಮನೆಗೆ ಕನ್ನ

ಮಲೆನಾಡಿನಲ್ಲಿ ಮಾವಿನ ಮರ ಹತ್ತಿದವರಿಗೆ ಚಗಳಿಯ ಪರಿಚಯ ಹೇಳಬೇಕಿಲ್ಲ. ತನ್ನ ಮರಿಗಳನ್ನೇ ಬಾಯಲ್ಲಿ ಹಿಡಿದು, ಅವು ಒಸರುವ ರೇಷ್ಮೆ ಎಳೆಯಿಂದ ಎಲೆಗೆ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ ಇದು. ಗೂಡಿಗೆ ಕೈ ತಾಗಿದರೆ ಸಾಕು, ಕಚ್ಚಿದ ಜಾಗಕ್ಕೇ ಆಮ್ಲವನ್ನೂ ಚಿಮ್ಮಿಸುತ್ತದೆ. (ಇದನ್ನೇ ಅರೆದು ಚಟ್ನಿ ಮಾಡುವವರ ಧೈರ್ಯ ಬೇರೆಯೇ ಮಾತು.) ಇಂಥ ಗೂಡಿನೊಳಗೆ ಕೂತು ಬೆಳೆಯುವ ಚಿಟ್ಟೆಯೊಂದಿದೆ: ಲಿಫೈರಾ ಬ್ರಸೋಲಿಸ್. ಭಾರತದಿಂದ ಉತ್ತರ ಆಸ್ಟ್ರೇಲಿಯಾದವರೆಗೆ ಇದರ ನೆಲೆ ಹರಡಿದೆ.

ಇದು ನೀಲಿ ಚಿಟ್ಟೆಗಳ ಕುಟುಂಬಕ್ಕೆ ಸೇರಿದ್ದು. ಆ ಕುಟುಂಬದಲ್ಲಿ ಬದುಕಿನ ವಿವರ ತಿಳಿದಿರುವ ಪ್ರಭೇದಗಳ ಪೈಕಿ ಸುಮಾರು ಮುಕ್ಕಾಲು ಪಾಲಿಗೆ ಇರುವೆಗಳ ನಂಟಿದೆ. ಬಹುಪಾಲು ಅದು ಕೊಡು-ಕೊಳ್ಳುವ ನಂಟು. ಚಿಟ್ಟೆಯ ಹುಳು ಬೆನ್ನಿನ ಗ್ರಂಥಿಯಿಂದ ಸಿಹಿರಸ ಕೊಡುತ್ತದೆ, ಇರುವೆ ಅದನ್ನು ಹೀರಿ ಕಣಜ-ಜೇಡಗಳಿಂದ ಹುಳುವನ್ನು ಕಾಯುತ್ತದೆ. ಲಿಫೈರಾ ಕೊಡುವ ಗೋಜಿಗೇ ಹೋಗಿಲ್ಲ. ಅದರ ಹುಳು ತಿನ್ನುವುದು ಎಲೆಯನ್ನಲ್ಲ, ಚಗಳಿಯ ಮರಿಗಳನ್ನು.

ಚಗಳಿ ಸುಮ್ಮನೆ ಬಿಟ್ಟೀತೆ? ಬಿಡುವುದಿಲ್ಲ, ಆದರೆ ಕಚ್ಚಲು ಹಿಡಿತವೇ ಸಿಗುವುದಿಲ್ಲ. ಹುಳುವಿನ ಮೈಮೇಲೆ ತೊಗಲಿನಂಥ ಗಡುಸು ಹೊದಿಕೆ. ಅಂಚು ನೆಲಕ್ಕೆ ಅಂಟಿಕೊಂಡು, ಕವುಚಿಟ್ಟ ಬಟ್ಟಲಿನಂತೆ ಕೂತಿರುತ್ತದೆ. ತಲೆ, ಕಾಲುಗಳೆಲ್ಲ ಅದರಡಿ ಭದ್ರ. ಮಗುಚಿಹಾಕಿದರೆ ಮಾತ್ರ ಹುಳುವಿನ ಕಥೆ ಮುಗಿದಂತೆ, ಆದರೆ ಅದರ ಪಟ್ಟು ಬಿಡಿಸುವುದು ಇರುವೆಗಳಿಗೆ ಸುಲಭವಲ್ಲ. ಕೋಶವಾಗುವಾಗಲೂ ಈ ಹೊದಿಕೆಯನ್ನು ಕಳಚುವುದಿಲ್ಲ, ಅದರೊಳಗೇ ಉಳಿಯುತ್ತದೆ.

ನನ್ನ ಮಟ್ಟಿಗೆ ನಿಜವಾದ ಚಮತ್ಕಾರ ಇರುವುದು ಚಿಟ್ಟೆ ಹೊರಬರುವ ಗಳಿಗೆಯಲ್ಲಿ. ರೆಕ್ಕೆ ಇನ್ನೂ ಮುದುಡಿದೆ, ಮೈ ಮೆತ್ತಗಿದೆ, ಹೊದಿಕೆ ಕಳಚಿದೆ, ಸುತ್ತ ಕಾದುನಿಂತ ಚಗಳಿಗಳು. ಆಗ ಅದರ ರಕ್ಷಣೆಗೆ ಇರುವುದು ಮೈತುಂಬ ಸಡಿಲವಾಗಿ ಮೆತ್ತಿಕೊಂಡ ಬಿಳಿಯ ಹುರುಪೆಗಳು. ಕಚ್ಚಲು ಬಂದ ಇರುವೆಯ ದವಡೆಗೆ, ಮೀಸೆಗೆ ಅವು ಉದುರಿ ಅಂಟಿಕೊಳ್ಳುತ್ತವೆ. ಇರುವೆ ಮುಖ ಒರೆಸಿಕೊಳ್ಳುವುದರಲ್ಲೇ ಮಗ್ನ. ಅಷ್ಟರಲ್ಲಿ ಚಿಟ್ಟೆ ನಡೆದುಕೊಂಡೇ ಗೂಡಿನಾಚೆ ಬಂದು ರೆಕ್ಕೆ ಬಿಚ್ಚುತ್ತದೆ. ಇದರ ಜೀವನಚಕ್ರವನ್ನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಗಮನಿಸಿದ ಎಫ್. ಪಿ. ಡಾಡ್ 1902ರಲ್ಲಿ ಅದನ್ನು ಬರೆದು ಪ್ರಕಟಿಸಿದ.

ಹೊರಬಂದ ಚಿಟ್ಟೆಗೆ ಹೂವಿನ ಹಂಗಿಲ್ಲ. ಮಕರಂದ ಹೀರುವ ನಳಿಕೆ ಕುಗ್ಗಿಹೋಗಿದ್ದು, ಕೆಲಸಕ್ಕೆ ಬಾರದಂತಾಗಿದೆ. ಹಾರಾಟ ಹೆಚ್ಚಾಗಿ ಮುಸ್ಸಂಜೆಯಲ್ಲಿ, ಪತಂಗದಂತೆ. ಜೋಡಿ ಹುಡುಕುವುದಕ್ಕೂ ಚಗಳಿಗೂಡಿರುವ ಮರದ ಕೊಂಬೆಗೆ ಮೊಟ್ಟೆಯಿಡುವುದಕ್ಕೂ ಬೇಕಾದ ಕಸುವನ್ನೆಲ್ಲ ಅದು ಹುಳುವಾಗಿದ್ದಾಗಲೇ ಚಗಳಿಯ ಮರಿಗಳನ್ನು ತಿಂದು ಕೂಡಿಟ್ಟಿರುತ್ತದೆ.